ಅಕ್ಕನ ಎಡಗೆನ್ನೆ

ಆ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಅವನಿಗೆ ಹೆತ್ತವರು ಇಟ್ಟ ಹೆಸರು ಕೊರಳಿನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರ ಬಾಯಲ್ಲೂ ಅವನು ಸ್ಕೇಲಪ್ಪ. ಕಾರಣ ಅವನ ಅಂಗಿಯ ಜೇಬು. ಅದರಲ್ಲಿ ಪೆನ್ನು ಇರಲಿ ಬಿಡಲಿ, ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಅಳತೆಪಟ್ಟಿ ಮಾತ್ರ ಇದ್ದೇ ಇರುತ್ತಿತ್ತು. ರೋಗಿಗಳ ಮೈಮೇಲಿನ ಹುಣ್ಣು, ಕಜ್ಜಿ, ಮಚ್ಚೆಗಳ ಫೋಟೋ ತೆಗೆಯುವುದು ಅವನ ಕೆಲಸ. ತೆಗೆಯುವಾಗ ಪಕ್ಕದಲ್ಲಿ ಆ ಪಟ್ಟಿ ಹಿಡಿಯಬೇಕು; ಇಲ್ಲದಿದ್ದರೆ ಹೋದ ಸಲದ ಹುಣ್ಣು ಈ ಸಲಕ್ಕೆ ಬೆಳೆಯಿತೋ ಕುಗ್ಗಿತೋ ಡಾಕ್ಟರಿಗೆ ತಿಳಿಯುವುದಾದರೂ ಹೇಗೆ?

ಕೆಲಸದಲ್ಲಿ ಅವನದು ಎತ್ತಿದ ಕೈ, ಇದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಸಣ್ಣದ್ದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಒಂದು ಮ್ಯಾಕ್ರೋ ಲೆನ್ಸು. ಅದರ ಮೂತಿಯ ಸುತ್ತ ಬಳೆಯಾಕಾರದ ಫ್ಲ್ಯಾಶು, ಎಲ್ಲೂ ನೆರಳು ಬೀಳದ ಹಾಗೆ. ಯಾವಾಗಲೂ ಅದೇ ಬೆಳಕು, ಅದೇ ದೂರ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಬದಲಾಗಿರುವುದು ಕಾಯಿಲೆ ಮಾತ್ರ ಆಗಿರಬೇಕು. ರೋಗಿ ನಗಬಾರದು, ನಕ್ಕರೆ ಚರ್ಮ ಮಡಚಿಕೊಳ್ಳುತ್ತದೆ. ಕಣ್ಣು ಚೌಕಟ್ಟಿನೊಳಗೆ ಬರಬಾರದು, ಬಂದರೆ ಯಾರೆಂದು ಗುರುತು ಸಿಕ್ಕಿಬಿಡುತ್ತದೆ. ಅವರಿಗೂ ಮಾನ ಮರ್ಯಾದೆ ಇದೆಯಲ್ಲ. ಈ ನಿಯಮಗಳೆಲ್ಲ ಅವನಿಗೆ ಉಸಿರಾಡಿದಷ್ಟು ಸಲೀಸಾಗಿದ್ದವು. ಜಂಭವೂ ಅಷ್ಟೇ ಸಲೀಸು. ಮದುವೆಮನೆ ಫೋಟೋಗ್ರಾಫರುಗಳನ್ನು ಕಂಡರೆ ಮೂಗು ಮುರಿಯುತ್ತಿದ್ದ. "ಅವ್ರು ತೆಗೆಯೋದು ಬರೀ ಮೇಕಪ್ಪು. ನಾನು ತೆಗೆಯೋದು ಇದ್ದದ್ದು ಇದ್ದ ಹಾಗೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಇಂಥವನಿಗೆ ಒಬ್ಬಳು ಅಕ್ಕ. ರೇಡಿಯೋದಲ್ಲಿ ವಾರ್ತೆ ಓದುವವಳು. ಅವಳ ದನಿ ಕೇಳುತ್ತಲೇ ಊರಿಗೆ ಊರೇ ಹಲ್ಲುಜ್ಜಿ, ಸ್ನಾನ ಮಾಡಿ, ಕೆಲಸಕ್ಕೆ ಓಡುತ್ತಿತ್ತು. ತಾಯಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನಿಗೆ ಊಟ ಮಾಡಿಸುವುದು ಅಕ್ಕನ ಪಾಲಿಗೆ ಬಂದಿತ್ತು. ಅವನೋ ತುತ್ತು ಬಾಯಿಗೆ ಬಂದರೆ ಓಡುವ ಜಾತಿ. ಅವನನ್ನು ಹಿಡಿದು ಕೂರಿಸಿ, "ಇದೀಗ ಬಂದ ಸುದ್ದಿ. ಒಂದು ತುತ್ತು ಸುರಕ್ಷಿತವಾಗಿ ಒಳಗೆ ತಲುಪಿದೆ. ಮುಂದಿನ ತುತ್ತಿನ ವಿವರಗಳು ಸ್ವಲ್ಪ ಹೊತ್ತಿನಲ್ಲೇ," ಎಂದು ಗಂಭೀರವಾಗಿ ಓದುತ್ತಿದ್ದಳು. ಅವಳ ವೃತ್ತಿ ಶುರುವಾದದ್ದು ಅಲ್ಲಿಂದ. ಮೊದಲ ಕೇಳುಗ ಅವನು.

ನಡುವಯಸ್ಸಿನಲ್ಲಿ ಅವಳ ಎಡಗೆನ್ನೆಯ ಮೇಲೆ ಬಿಳಿಮಚ್ಚೆಯೊಂದು ಎದ್ದಿತು. ನೋವಿಲ್ಲ, ತುರಿಕೆಯಿಲ್ಲ, ಅಪಾಯವೂ ಇಲ್ಲ, ಸುಮ್ಮನೆ ಬಿಟ್ಟುಬಿಡಿ ಎಂದರು ಡಾಕ್ಟರು. ಬಿಟ್ಟಳು, ಜೊತೆಗೆ ಕ್ಯಾಮೆರಾ ಕಂಡ ಕಡೆ ನಿಲ್ಲುವುದನ್ನೂ ಬಿಟ್ಟಳು. ನೆಂಟರ ಮನೆಯ ಮದುವೆಯ ಚಿತ್ರಗಳಲ್ಲಿ ಅವಳಿಲ್ಲ. ಅಂಗಡಿಯಲ್ಲಿ ದನಿ ಕೇಳಿದವರು "ಓ, ವಾರ್ತೆ ಓದೋರು ನೀವೇನಾ!" ಎಂದು ತಿರುಗಿದರೆ ಎಡಗೆನ್ನೆಯನ್ನು ಗೋಡೆಯ ಕಡೆ ಮಾಡಿಕೊಂಡು ಮಾತಾಡುತ್ತಿದ್ದಳು. ತಮ್ಮನೊಬ್ಬನ ಎದುರು ಮಾತ್ರ ಅವಳಿಗೆ ಎಡವೂ ಒಂದೇ ಬಲವೂ ಒಂದೇ. ಆ ಮಚ್ಚೆಯ ವಿಷಯವನ್ನು ಇಬ್ಬರೂ ಒಂದು ದಿನವೂ ಎತ್ತಿದವರಲ್ಲ. ಹೇಳಿ ಕೇಳಿ ಚರ್ಮದ ವಿಭಾಗದವನು, ಆದರೂ ಎತ್ತಲಿಲ್ಲ. ಅದು ಅವನು ಅವಳಿಗೆ ಕೊಟ್ಟಿದ್ದ ದೊಡ್ಡ ಮರ್ಯಾದೆ; ಕೊಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಒಂದು ಸಂಜೆ ಅಕ್ಕ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದಳು.

"ನಮ್ಮ ಸ್ಟೇಷನ್ನಲ್ಲಿ ವಾರ್ತೆ ಓದೋರದ್ದೆಲ್ಲ ಫೋಟೋ ಹಾಕ್ತಾರಂತೆ ಕಣೋ. ಒಳಗೆ ಕಾಲಿಡ್ತಿದ್ದ ಹಾಗೆ ಕಾಣೋ ಗೋಡೆ ಮೇಲೆ, ಇಷ್ಟಿಷ್ಟು ದೊಡ್ಡದು."

"ಒಳ್ಳೇದಾಯ್ತಲ್ಲ. ಹಾಕಿಸ್ಕೋ."

"ಬೇರೆಯವರ ಮುಂದೆ ಹೋಗಿ ಕೂರೋಕೆ ನನ್ ಕೈಲಾಗಲ್ಲ. ನೀನು ತೆಗೀತೀನಿ ಅಂದ್ರೆ ಕೂರ್ತೀನಿ. ಬಣ್ಣ ಗಿಣ್ಣ ಏನೂ ಬಳಿಯೋದು ಬೇಡ, ಹೇಗಿದೀನೋ ಹಾಗೆ. ಸಾಕಾಗೋಯ್ತು ನಂಗೂ."

ಇಷ್ಟು ವರ್ಷ ಬಚ್ಚಿಟ್ಟ ಮುಖವನ್ನು ಒಂದೇ ಒಂದು ಸಲ ನಾಲ್ಕು ಜನ ನೋಡುವ ಕಡೆ ಇಡಲು ಅವಳು ಗಟ್ಟಿಮನಸ್ಸು ಮಾಡಿದ್ದಳು. ಆ ಧೈರ್ಯ ಇನ್ನೊಂದು ಸಲ ಬರುವಂಥದ್ದಲ್ಲ. ಅದನ್ನು ನಂಬಿ ತಂದು ಇಟ್ಟದ್ದು ತಮ್ಮನ ಕೈಯಲ್ಲಿ. "ನೀನು ಸುಮ್ನೆ ಬಂದು ಕೂತ್ಕೋ, ಮಿಕ್ಕಿದ್ದು ನಂಗೆ ಬಿಡು," ಎಂದು ಅವನು ಎದೆ ಉಬ್ಬಿಸಿ ಹೇಳಿದ.

ಮಾರನೆಯ ದಿನವೇ ಕ್ಯಾಮೆರಾ ಅಂಗಡಿಗೆ ಹೋದ. ಅಂಗಡಿಯವನು ಹಳೆಯ ಸ್ನೇಹಿತ, ಮಾತಿನಮಲ್ಲ, ಬಂದವರಿಗೆ ಏನನ್ನಾದರೂ ತಗುಲಿಸದೆ ಕಳಿಸುವವನಲ್ಲ. ಆ ಹೊತ್ತಿಗೆ ಅಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಹಕ್ಕಿಗಳ ಹುಚ್ಚಿನವನು, ನೀರಿನ ಕೊಳವೆಯಷ್ಟು ಉದ್ದದ ಲೆನ್ಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಇನ್ನೊಬ್ಬ ಮನೆ ಮಾರುವ ದಲ್ಲಾಳಿ. ಅಗಲದ ಲೆನ್ಸು ಬೇಕಂತೆ, ಬಚ್ಚಲುಮನೆ ನೋಡಿದವರು ನಡುಮನೆ ಎಂದುಕೊಳ್ಳಬೇಕಂತೆ. ಇಬ್ಬರನ್ನೂ ಸಾಗಹಾಕಿ ಅಂಗಡಿಯವನು ಒಳಗಿನಿಂದ ಗಿಡ್ಡನೆಯ, ಬಾಯಗಲದ ಒಂದು ಲೆನ್ಸು ತಂದ.

"ಮುಖಕ್ಕೆ ಇದು. ನಾಲ್ಕು ಹೆಜ್ಜೆ ದೂರ ನಿಂತ್ಕೋ. ಕಿಟಕಿ ಬೆಳಕು ಒಂದು ಕಡೆಯಿಂದ ಬೀಳ್ಲಿ. ಕಣ್ಣು ಚೂಪಾಗಿ ಬಂದ್ರೆ ಸಾಕು, ಹಿಂದಿನದೆಲ್ಲ ಹತ್ತಿ ಥರ ಮೆತ್ತಗಾಗುತ್ತೆ. ಒಯ್ದು ನೋಡು, ಇಷ್ಟವಾದ್ರೆ ಇಟ್ಕೋ."

"ನನ್ನ ಲೆನ್ಸಿನಲ್ಲಿ ಆಗಲ್ವಾ?"

"ಆಗುತ್ತೆ, ನೀನು ದೂರ ನಿಂತ್ರೆ. ಆದ್ರೆ ನೀನು ನಿಲ್ಲಲ್ಲ. ಆ ಬಳೆ ಫ್ಲ್ಯಾಶು ಒಂದನ್ನ ಆಸ್ಪತ್ರೇಲೇ ಬಿಟ್ಟು ಹೋಗಪ್ಪ."

ಸ್ಕೇಲಪ್ಪನಿಗೆ ಈ ಮಾತು ಚುಚ್ಚಿತು. ದಿನ ಬೆಳಗಾದರೆ ಮನುಷ್ಯರ ಫೋಟೋ ತೆಗೆಯುವವನಿಗೆ ಇವನು ಪಾಠ ಹೇಳುತ್ತಾನಲ್ಲ ಎನ್ನಿಸಿತು. ಲೆನ್ಸನ್ನು ಚೀಲಕ್ಕೆ ಹಾಕಿಕೊಂಡ. ಬಳೆ ಫ್ಲ್ಯಾಶನ್ನೂ ತೆಗೆದಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆ. ಅವಳು ನಡುಮನೆಯ ಮೇಜನ್ನು ಮೂಲೆಗೆ ತಳ್ಳಿ, ಕಿಟಕಿಯ ಪಕ್ಕ ಕುರ್ಚಿ ಹಾಕಿ, ಇಸ್ತ್ರಿ ಮಾಡಿದ ನೀಲಿ ಬಟ್ಟೆ ಉಟ್ಟು, ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಕಟ್ಟಿಕೊಂಡು ಸಿದ್ಧವಾಗಿ ಕೂತಿದ್ದಳು. ಬೆಳಕು ನೇರವಾಗಿ ಎಡಗೆನ್ನೆಯ ಮೇಲೆ. ಆ ಕಡೆಗೆ ಕುರ್ಚಿ ಹಾಕಿದವಳೂ ಅವಳೇ. ಅಷ್ಟರ ಮಟ್ಟಿಗೆ ತಯಾರಾಗಿದ್ದಳು.

ಮೊದಲು ಅವನು ಅಂಗಡಿಯ ಲೆನ್ಸನ್ನೇ ಹಾಕಿದ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆನ್ನು ಬಾಗಿಲಿಗೆ ತಗುಲಿತು.

"ಮುಖ್ಯಾಂಶಗಳು," ಎಂದಳು ಅಕ್ಕ, ವಾರ್ತೆಯ ದನಿಯಲ್ಲಿ. "ಫೋಟೋಗ್ರಾಫರೊಬ್ಬರು ಹೆದರಿ ಬಾಗಿಲಿಗೆ ಅಂಟಿಕೊಂಡಿದ್ದಾರೆ." ಹೇಳಿ ತಾನೇ ನಕ್ಕಳು. ಅವನೂ ನಕ್ಕು ಒಂದಷ್ಟು ತೆಗೆದ. ತೆಗೆದದ್ದನ್ನು ಹಿಗ್ಗಿಸಿ ನೋಡಿದಾಗ ಅವನ ಮುಖ ಸಪ್ಪೆಯಾಯಿತು. ಕಣ್ಣೇನೋ ಇತ್ತು, ಕಿವಿ ಮಸುಕು. ನಕ್ಕ ಕೆನ್ನೆ ಅಲುಗಿತ್ತು. ಚರ್ಮದ ಒಂದು ರಂಧ್ರವೂ ಸ್ಪಷ್ಟವಿಲ್ಲ. ಆಸ್ಪತ್ರೆಯಲ್ಲಾದರೆ ಇಂಥದ್ದನ್ನು ಕಂಪ್ಯೂಟರಿಗೆ ಹತ್ತಿಸುವ ಮೊದಲೇ ಅಳಿಸುತ್ತಾರೆ. ಅವನೂ ಅಲ್ಲೇ ನಿಂತು ಒಂದೊಂದಾಗಿ ಅಳಿಸಿಬಿಟ್ಟ.

"ಯಾಕೋ, ಚೆನ್ನಾಗಿ ಬರ್ಲಿಲ್ವಾ?"

"ಲೆನ್ಸು ದಂಡ. ಇರು, ನಂದು ಹಾಕ್ತೀನಿ. ಆಮೇಲೆ ನೋಡು ಮಜಾ."

ತನ್ನ ಲೆನ್ಸು ಕೈಗೆ ಬಂದದ್ದೇ ತಡ, ಸ್ಕೇಲಪ್ಪನಿಗೆ ಮನೆಗೆ ಬಂದಂತಾಯಿತು. ಬಳೆ ಫ್ಲ್ಯಾಶು ಟಕ್ಕೆಂದು ಕೂತಿತು. ಕಾಲು ತಾನಾಗಿ ಮುಂದೆ ಮುಂದೆ ಹೋಯಿತು. ಬಾಗಿಲು ಹಿಂದೆ ಉಳಿಯಿತು, ಕುರ್ಚಿ ಹತ್ತಿರವಾಯಿತು, ಕ್ಯಾಮೆರಾ ಅಕ್ಕನ ಕೆನ್ನೆಯಿಂದ ಗೇಣಿನ ಅಂತರದಲ್ಲಿ ನಿಂತಿತು. ಅದು ಅವನಿಗೆ ಗೊತ್ತಿದ್ದ ದೂರ. ಅಲ್ಲಿಂದಾಚೆ ತಾನೇನು ಮಾಡುತ್ತಿದ್ದೇನೆಂಬ ಯೋಚನೆ ಅವನಿಗಿರಲಿಲ್ಲ, ಕೈಗಳಿಗೆ ಮಾತ್ರ ಇತ್ತು.

"ಸ್ವಲ್ಪ ಬಲಕ್ಕೆ ತಿರುಗಿ," ಎಂದ. ಹುಟ್ಟಿದಾಗಿನಿಂದ ಅವಳನ್ನು ಏಕವಚನದಲ್ಲೇ ಕರೆದವನು.

ಅಕ್ಕ ತಮಾಷೆಯೆಂದುಕೊಂಡು ತಿರುಗಿದಳು.

"ನಗಬೇಡಿ. ಚರ್ಮ ಮಡಚಿಕೊಳ್ಳುತ್ತೆ."

ಅವಳ ನಗು ನಿಂತಿತು. ಅವನ ಎಡಗೈ ಜೇಬಿಗೆ ಹೋಗಿ ಬಂತು. ಬೆರಳುದ್ದದ ತಣ್ಣನೆಯ ಪ್ಲಾಸ್ಟಿಕ್ಕು ಕೆನ್ನೆಗೆ ತಗುಲಿದಾಗ ಅಕ್ಕನ ಕುತ್ತಿಗೆಯ ನರ ಒಮ್ಮೆ ಅದುರಿತು. ಅದೂ ಅವನಿಗೆ ಕಾಣಿಸಿತು, ಮತ್ತು ಅಲುಗಬಾರದಿತ್ತು ಎಂದಷ್ಟೇ ಅನ್ನಿಸಿತು. ಫ್ಲ್ಯಾಶು ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಮತ್ತೊಮ್ಮೆ.

"ಎಷ್ಟು ಬಂತು?" ಎಂದಳು ಅಕ್ಕ ಮೆಲ್ಲಗೆ.

"ಮೂರೂವರೆ ಸೆಂಟಿಮೀಟರು. ಅಂಚು ಸ್ಪಷ್ಟವಾಗಿದೆ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೆ ಬಿತ್ತು.

ಪಟ್ಟಿ ಇನ್ನೂ ಅವಳ ಕೆನ್ನೆಯ ಮೇಲೆಯೇ ಇತ್ತು; ತೆಗೆದರೆ ಹಿಡಿದಿದ್ದು ನಿಜವಾಗಿಬಿಡುತ್ತದೆ ಎನ್ನುವ ಹಾಗೆ ಅವನು ತೆಗೆಯದೆ ನಿಂತ. ಕೊನೆಗೆ ಅಕ್ಕನೇ ಎರಡು ಬೆರಳಲ್ಲಿ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಸಿಟ್ಟಿನಿಂದಲ್ಲ. ಬಾಗಿಲಿಗೆ ಅಡ್ಡವಾದ ಪರದೆಯನ್ನು ಸರಿಸಿದಷ್ಟು ಸಾವಕಾಶವಾಗಿ. ಅವನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಭೂಮಿ ಅಂಥ ಉಪಕಾರವನ್ನೆಲ್ಲ ಮಾಡುವುದಿಲ್ಲ.

"ಎಲ್ಲಿ, ತೋರ್ಸು."

"ಬೇಡ ಅಕ್ಕ. ಇದು ಸರಿಯಿಲ್ಲ. ಇನ್ನೊಂದು ಸಲ ತೆಗೀತೀನಿ."

"ತೋರ್ಸೋ."

ತೋರಿಸಿದ. ಪರದೆಯ ತುಂಬ ಮಚ್ಚೆ. ಅದರ ಅಂಚು, ಅದರ ಮೇಲಿನ ಬೆಳ್ಳಗಾದ ಸಣ್ಣ ರೋಮಗಳು, ಪಕ್ಕದಲ್ಲಿ ಸೆಂಟಿಮೀಟರಿನ ಕಪ್ಪು ಗೆರೆಗಳು, ಅವನ ಹೆಬ್ಬೆಟ್ಟಿನ ಉಗುರು. ಎಲ್ಲವೂ ಚೂಪಾಗಿತ್ತು. ಅವನ ಬದುಕಿನ ಒಳ್ಳೆಯ ಚಿತ್ರಗಳಲ್ಲಿ ಒಂದು ಎನ್ನಬಹುದು. ಅಕ್ಕ ಒಂದೊಂದನ್ನೂ ನೋಡಿದಳು. ಒಂದರಲ್ಲೂ ಮುಖ ಕೆನ್ನೆಯಿಂದ ಮೇಲೆ ಹೋಗಿರಲಿಲ್ಲ.

"ನನ್ ಕಣ್ಣು ಎಲ್ಲೋ?" ಎಂದಳು.

ರೋಗಿಯ ಮರ್ಯಾದೆ ಉಳಿಸಲು ಕಣ್ಣನ್ನು ಚೌಕಟ್ಟಿನಿಂದ ಹೊರಗಿಡುತ್ತೇವೆ ಎಂದು ಅವಳಿಗೆ ಹೇಳುವುದು ಹೇಗೆ? ಅವಳ ಮರ್ಯಾದೆಗೆ ಏನಾಗಿತ್ತೆಂದು ಉಳಿಸಬೇಕಿತ್ತು?

"ಪರವಾಗಿಲ್ಲ ಬಿಡು," ಎಂದಳು ಅಕ್ಕ. ಎದ್ದು ಕುರ್ಚಿಯನ್ನು ಕಿಟಕಿಯಿಂದ ಎಳೆದು ಅದರ ಜಾಗಕ್ಕೆ ಸೇರಿಸಿದಳು. ಮೇಜನ್ನು ಇಬ್ಬರೂ ಸೇರಿ ಎತ್ತಿಟ್ಟರು. "ಟೀ ಮಾಡ್ತೀನಿ, ಕುಡ್ಕೊಂಡು ಹೋಗು." ಟೀ ಬಂತು, ಸಕ್ಕರೆ ಸರಿಯಾಗಿತ್ತು. ಅವಳು ಅವನ ಹೆಂಡತಿಯ ಬೆನ್ನುನೋವನ್ನೂ ಮಹಡಿಮನೆಯವರ ಜಗಳವನ್ನೂ ವಿಚಾರಿಸಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಬಂದಾಗ ಹೆಂಡತಿ, "ಹೇಗೆ ಬಂತು ಅತ್ತಿಗೆ ಫೋಟೋ?" ಎಂದಳು. "ಬೆಳಕು ಸರಿಯಿರ್ಲಿಲ್ಲ," ಎಂದ. ಅಂಗಡಿಗೆ ಹೋಗಿ, "ನಿನ್ನ ಲೆನ್ಸು ಕೈಕೊಡ್ತು," ಎಂದು ಹೇಳಿ ವಾಪಸು ಕೊಟ್ಟ. ಅಂಗಡಿಯವನು ಗಾಬರಿಯಾಗಿ, ಬೇಜಾರು ಮಾಡ್ಕೋಬೇಡಪ್ಪ ಎಂದು ಹಲ್ಲು ಕಿರಿದು, ಏನೂ ತಪ್ಪು ಮಾಡದ ಆ ಲೆನ್ಸನ್ನು ರಿಪೇರಿಗೆ ಕಳಿಸಿದ. ಮನುಷ್ಯನಿಗೆ ನಾಚಿಕೆಯಾದಾಗ ಎಷ್ಟು ಸಣ್ಣವನಾಗಬಹುದೋ ಅಷ್ಟು ಸಣ್ಣವನಾಗಿದ್ದ ಸ್ಕೇಲಪ್ಪ. ತನ್ನನ್ನು ಬಿಟ್ಟು ಕಂಡಕಂಡದ್ದರ ಮೇಲೆಲ್ಲ ತಪ್ಪು ಹೊರಿಸಿದ. ಆದರೆ ಆಸ್ಪತ್ರೆಯಲ್ಲಿ ಪಟ್ಟಿಯನ್ನು ಹೊರತೆಗೆದಾಗಲೆಲ್ಲ ಕೈ ಒಂದು ಕ್ಷಣ ತಡೆಯುತ್ತಿತ್ತು. ಮುಂದೆ ಕೂತ ರೋಗಿಗಳ ಕಣ್ಣನ್ನು ಅವನು ಮೊದಲ ಸಲ ನೋಡತೊಡಗಿದ್ದ, ಕೆಲವರು ಮುಚ್ಚಿಕೊಂಡಿರುತ್ತಿದ್ದರು. ನಗಬೇಡಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಹಾಗೆ ನೋಡಿದರೆ ಅಲ್ಲಿ ನಗುವವರು ಯಾರೂ ಇರಲೂ ಇಲ್ಲ.

ಅಳಿಸಿಹಾಕಿದ ಚಿತ್ರಗಳ ನೆನಪು ಇನ್ನೂ ಕೆಟ್ಟದಾಗಿ ಕಾಡಿತು. ಒಂದರಲ್ಲಿ ಅವಳು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಆ ನಗುವಿನಲ್ಲಿ ಮಚ್ಚೆಯೆಲ್ಲಿತ್ತು ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.

ಮತ್ತೆ ಮತ್ತೆ ಫೋನು ಮಾಡಿದ. "ಈ ಸಲ ದೂರದಿಂದ ತೆಗೀತೀನಿ ಅಕ್ಕ, ಕಿಟಕಿ ಬೆಳಕಲ್ಲೇ." ಅವಳು ಒಂದು ಸಲ ನೆಗಡಿ ಎಂದಳು, ಒಂದು ಸಲ ಪಾಳಿ ಬದಲಾಗಿದೆ ಎಂದಳು. ಕೊನೆಗೆ, "ಅದೆಲ್ಲ ಆಯ್ತು ಕಣೋ, ನಾನೇ ಏನೋ ಒಂದು ಕೊಟ್ಟೆ. ನೀನು ಆ ಫೋಟೋಗಳನ್ನ ಹಾಕೋ ಸಮಾರಂಭಕ್ಕೆ ಬಾ," ಎಂದಳು. ಯಾರೋ ಬೇರೆಯವರ ಬಳಿ ತೆಗೆಸಿರಬೇಕು ಎಂದುಕೊಂಡು ಅವನು ಒಳಗೊಳಗೆ ಸಮಾಧಾನಪಟ್ಟ. ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ರೇಡಿಯೋ ನಿಲಯದ ಮುಂಭಾಗದ ಉದ್ದನೆಯ ಕೋಣೆ. ಗೋಡೆಯ ಮೇಲೆ ಸಾಲಾಗಿ ಮುಖಗಳು. ಕನ್ನಡಕದವರು, ಮೀಸೆಯವರು, ಒಬ್ಬರು ಹಲ್ಲು ಕಾಣದಂತೆ ತುಟಿ ಬಿಗಿದವರು. ನಡುವಿನ ಚೌಕಟ್ಟಿನಲ್ಲಿ ಮುಖವಿರಲಿಲ್ಲ. ಬರೀ ಒಂದು ಮೈಕು. ಕೆಳಗೆ ಅಕ್ಕನ ಹೆಸರು.

ಅಷ್ಟರಲ್ಲಿ ನಿಲಯದ ಮುಖ್ಯಸ್ಥೆ ಮಾತು ಶುರುಮಾಡಿದ್ದರು. "ಎಲ್ರೂ ತಮ್ಮ ಮುಖ ಕೊಟ್ರು. ಇವರೊಬ್ರು ಮೈಕು ಕೊಟ್ರು ನೋಡಿ! ಕೇಳೋರಿಗೆ ದನಿ ಸಿಕ್ಕಿದ್ರೆ ಸಾಕು, ನನ್ನ ಮುಖ ಯಾಕೆ ಅಂದ್ರು. ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಹೇಳಿ?"

ಕೋಣೆಯ ತುಂಬ ಚಪ್ಪಾಳೆ. ಅಕ್ಕ ಕೈಮುಗಿದು ನಿಂತಿದ್ದಳು, ಎಡಗೆನ್ನೆ ಗೋಡೆಯ ಕಡೆಗೆ. ಅದು ವಿನಯವಲ್ಲವೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ತಟ್ಟದೆ ಏನು ಮಾಡುವುದು? ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಆಮೇಲೆ ಮುಖ್ಯಸ್ಥೆ ಅವನ ಬಳಿಯೇ ಬಂದರು. "ನೀವು ಫೋಟೋಗ್ರಾಫರ್ ಅಂತೆ? ಕ್ಯಾಮೆರಾ ಮನೇಲೇ ಇಟ್ಕೊಂಡು ಅಕ್ಕಂದು ಒಂದು ಫೋಟೋ ತೆಗೀಬಾರದಿತ್ತಾ? ನೀವಾದ್ರೂ ಜೋರು ಮಾಡಿ ಕೂರಿಸ್ಬೇಕಿತ್ತು."

ಕೂತಿದ್ದಳು, ನಾನೇ ಎಬ್ಬಿಸಿದೆ ಎಂದು ಹೇಳುವುದು ಬಿಟ್ಟು ಅವನು ಗೋಡೆಯ ಮೇಲಿನ ಮೈಕನ್ನು ನೋಡಿದ.

"ಅಯ್ಯೋ, ಅವನದೇನೂ ತಪ್ಪಿಲ್ಲ," ಎಂದು ಅಕ್ಕ ನಡುವೆ ಬಂದಳು. "ತೆಗೀತೀನಿ, ತೆಗೀತೀನಿ ಅಂತ ದುಂಬಾಲು ಬಿದ್ದಿದ್ದ ಪಾಪ. ನಾನೇ ಕೂರ್ಲಿಲ್ಲ." ಊರು ನಂಬುವ ಆ ದನಿಯಲ್ಲಿ ಅವಳು ಸುಳ್ಳು ಹೇಳಿದ್ದನ್ನು ಅವನು ಅಂದೇ ಮೊದಲು ಕೇಳಿದ್ದು. ತನಗಾಗಿ ಹೇಳಿದ್ದು ಬೇರೆ. ಅವನು ಅದಕ್ಕೂ ಹೌದೆಂದು ತಲೆಯಾಡಿಸಿದ.

"ಹೋಗ್ಲಿ, ಈಗ ಎಲ್ರದ್ದೂ ಒಂದು ಗುಂಪು ಫೋಟೋ ತೆಗೀರಿ," ಎಂದು ಮುಖ್ಯಸ್ಥೆ ತಮ್ಮ ಮೊಬೈಲನ್ನು ಅವನ ಕೈಗಿಟ್ಟರು. ವಾರ್ತೆಯವರು, ಅವರ ಮನೆಯವರು ಗೋಡೆಯ ಮುಂದೆ ಸಾಲು ನಿಲ್ಲತೊಡಗಿದರು. ಅಕ್ಕನನ್ನು ನಡುವೆ ನಿಲ್ಲಲು ಕೂಗಿದರು. ಅವಳು ಸಾಲಿಗೆ ಹೋಗಲಿಲ್ಲ. ನೇರವಾಗಿ ಬಂದು ತಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡಳು.

"ಇವನು ಯಾವಾಗ್ಲೂ ಕ್ಯಾಮೆರಾ ಹಿಂದೇನೇ ಇರ್ತಾನೆ. ಇವತ್ತು ಇವನೂ ಬರ್ಲಿ, ನಾನು ತೆಗೀತೀನಿ."

ಎಲ್ಲರೂ ನಕ್ಕರು. ಯಾರೋ ಅವನ ತೋಳು ಹಿಡಿದು ಎಳೆದು ನಡುವೆ, ಆ ಮೈಕಿನ ಚಿತ್ರದ ಕೆಳಗೇ ನಿಲ್ಲಿಸಿದರು. ಎದುರಿಗೆ, ಸಾಕಷ್ಟು ದೂರದಲ್ಲಿ, ಅಕ್ಕ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಮುಖದ ಮುಂದೆ ಈಗ ಅದು ಅಡ್ಡವಿತ್ತು.

"ಎಲ್ರೂ ಚೆನ್ನಾಗಿ ಕಾಣ್ತಿದೀರ," ಎಂದಳು. "ತಮ್ಮಾ, ನೀನು ಸ್ವಲ್ಪ ತಲೆ ಎತ್ತು. ನಿನ್ ಮುಖ ಕಾಣ್ತಿಲ್ಲ."

ಅವನು ಎತ್ತಲು ನೋಡಿದ. ಅಂಗಿಯ ಗುಂಡಿ, ನೆಲ, ತನ್ನ ಬೂಟಿನ ತುದಿ, ಇಷ್ಟೇ ಕಾಣುತ್ತಿತ್ತು. ಅಕ್ಕಪಕ್ಕದವರು ನಗು ಹಿಡಿದು ನಿಂತಿದ್ದರು, ಯಾರೋ "ಬೇಗ, ಬೇಗ" ಎಂದರು. ಕುತ್ತಿಗೆ ಅವನ ಮಾತು ಕೇಳಲಿಲ್ಲ.

ಅಕ್ಕ ಸ್ವಲ್ಪ ಹೊತ್ತು ಕಾದಳು. ಇನ್ನೊಂದು ಸಲ ಹೇಳಲಿಲ್ಲ. ಆಮೇಲೆ ಅವನು ಹೇಗೆ ನಿಂತಿದ್ದನೋ ಹಾಗೆಯೇ ತೆಗೆದಳು.